ಕಣ್ಣೊಳಗಿನ ನೀರು

ಪವಿತ್ರಾ ಮೈಸೂರಿನಲ್ಲಿ ಏನು ಮಾಡುತ್ತಾಳೆಂದು ಹನಗೋಡಿನಲ್ಲಿ ಸರಿಯಾಗಿ ತಿಳಿದವರು ಒಬ್ಬರೂ ಇರಲಿಲ್ಲ. ಕಣ್ಣಿನ ವಿಷಯ ಓದುತ್ತಾಳೆ ಎಂದಷ್ಟೇ ಗೊತ್ತು. ಅಂದಮೇಲೆ ಕಣ್ಣು ವಾಸಿ ಮಾಡುವವಳೇ ಇರಬೇಕು ಎಂದು ಊರು ತೀರ್ಮಾನಿಸಿಬಿಟ್ಟಿತ್ತು. ತಿದ್ದಿ ತಿದ್ದಿ ಸಾಕಾಗಿ ಅವಳೂ ಸುಮ್ಮನಾಗಿದ್ದಳು. ಹೊಗಳಿಕೆ ಯಾರಿಗೆ ಬೇಡ?

ನಿಜವಾಗಿ ಅವಳು ಮಾಡುತ್ತಿದ್ದದ್ದು ಇಷ್ಟು. ಕಸಾಯಿಯವರಿಂದ ತಂದ ಕುರಿಗಣ್ಣಿನ ಮಸೂರವನ್ನು ಗಾಜಿನ ನಳಿಕೆಗೆ ಹಾಕಿ, ಆಳೆತ್ತರದ ಅಯಸ್ಕಾಂತದೊಳಗೆ ಇಳಿಸುವುದು. ಮಸೂರವೆಂದರೆ ಹೆಚ್ಚುಕಮ್ಮಿ ಪ್ರೋಟೀನು ಮತ್ತು ನೀರು. ರೇಡಿಯೋ ಅಲೆಯಿಂದ ಒಮ್ಮೆ ತಟ್ಟಿದರೆ ಆ ನೀರು ಮಾರುತ್ತರ ಕೊಡುತ್ತದೆ. ಪ್ರೋಟೀನಿಗೆ ಅಂಟಿಕೊಂಡ ನೀರಿನ ಉತ್ತರ ಬೇಗ ಅಡಗುತ್ತದೆ, ಬಿಡಿಯಾಗಿ ಓಡಾಡುವ ನೀರಿನದು ಇನ್ನಷ್ಟು ಹೊತ್ತು ಉಳಿಯುತ್ತದೆ. ಪೊರೆ ಬೆಳೆಯುವಾಗ ಪ್ರೋಟೀನುಗಳು ಒಂದಕ್ಕೊಂದು ಗಂಟುಬಿದ್ದು, ಹಿಡಿದಿದ್ದ ನೀರನ್ನು ಬಿಟ್ಟುಕೊಡುತ್ತವೆ. ಎಷ್ಟು ಬಿಡುತ್ತವೆ, ಯಾವಾಗ ಬಿಡುತ್ತವೆ ಎಂಬುದೇ ಅವಳ ಹುಡುಕಾಟ. ಅದರಿಂದ ಇನ್ನೂ ಒಬ್ಬರ ಕಣ್ಣೂ ತಿಳಿಯಾಗಿರಲಿಲ್ಲ.

ಅವಳ ಅಪ್ಪ ಸಣ್ಣಬೀರಯ್ಯನ ಎಡಗಣ್ಣು ಚಿಕ್ಕಂದಿನಲ್ಲೇ ಜಾಲಿಮುಳ್ಳು ಚುಚ್ಚಿ ಹೋಗಿತ್ತು. ಉಳಿದ ಬಲಗಣ್ಣಿಗೆ ಈಗ ಪೊರೆ ಬಲಿತಿತ್ತು. ತಡಮಾಡದೆ ಆಪರೇಷನ್ ಮಾಡಿಸಿ ಎಂದು ಹುಣಸೂರಿನ ಡಾಕ್ಟರು ದಿನವನ್ನೂ ಕೊಟ್ಟಿದ್ದರು. ಆದರೆ ಇರುವುದೊಂದೇ ಕಣ್ಣು, ಅದಕ್ಕೂ ಕತ್ತಿ ತಾಗಿಸಿ ಎಡವಟ್ಟಾದರೆ ಎಂದು ಆತನ ಜೀವ ಹೊಯ್ದಾಡುತ್ತಿತ್ತು. ಗೌರಿಹಬ್ಬಕ್ಕೆ ಬಂದ ಮಗಳನ್ನು ಬ್ಯಾರನ್ನಿನ ಮುಂದೆ ಕೂರಿಸಿಕೊಂಡು ವಿಚಾರಿಸಿದ. ಬ್ಯಾರನ್ನೆಂದರೆ ಹೊಗೆಸೊಪ್ಪು ಬೇಯಿಸುವ ಮನೆ. ಹಸಿರೆಲೆಯ ನೀರನ್ನು ಶಾಖ ಏರಿಸುತ್ತಾ ಏರಿಸುತ್ತಾ ಎಳೆದು, ಎಲೆಗೆ ಬಂಗಾರದ ಬಣ್ಣ ಬರಿಸುವುದರಲ್ಲಿ ಸಣ್ಣಬೀರಯ್ಯನದು ಎತ್ತಿದ ಕೈ.

ಪವಿತ್ರಾ ಹುಮ್ಮಸ್ಸಿನಿಂದ ನೀರಿನ ಕತೆಯನ್ನೆಲ್ಲ ಹೇಳಿದಳು. ಆತ ಬ್ಯಾರನ್ನಿನ ಒಲೆಯ ಕಡೆಗೊಮ್ಮೆ ನೋಡಿದ.

"ಅಂಗಾರೆ ಆ ಬುಟ್ಟೋದ ನೀರು ಆರೋದ್ರೆ ಕಣ್ಣು ತಿಳಿಯಾಯ್ತದೆ ಅನ್ನು."

ಅಷ್ಟರಲ್ಲಿ ಫೋನಿಗೆ ಅವಳ ಸಂಶೋಧನೆಯ ಗೈಡಿನ ಮೆಸೇಜು ಬಂದಿತ್ತು. ತಲೆಯೆತ್ತದೆ "ಹೂಂ" ಅಂದಳು.

ದೀಪಾವಳಿ ಹತ್ತಿರವಾದಾಗ ಅಣ್ಣ ಧರ್ಮೇಂದ್ರ ಫೋನು ಮಾಡಿದ. ಅಪ್ಪನಿಗೆ ಕಣ್ಣು ಸಿಡಿದುಹೋಗುವಂಥ ನೋವು, ಜೊತೆಗೆ ವಾಂತಿ. ಪಿತ್ತವೆಂದು ಕಷಾಯ ಕುಡಿಸುತ್ತಾ ಕಾಲ ಕಳೆದಿದ್ದರು. ಮೈಸೂರಿನ ಆಸ್ಪತ್ರೆಗೆ ತಂದಾಗ ಮುಖಕ್ಕೇ ಟಾರ್ಚು ಬಿಟ್ಟರೂ ಆತನಿಗೆ ಬೆಳಕು ಗೊತ್ತಾಗಲಿಲ್ಲ.

ಏನಾಯಿತೆಂದು ಅವ್ವ ಮಲ್ಲಾಜಮ್ಮ ವರಾಂಡದಲ್ಲಿ ಹೇಳಿದಳು. ಅಪ್ಪ ಹುಣಸೂರಿನ ಆಪರೇಷನ್ನಿಗೆ ಹೋಗಲೇ ಇಲ್ಲವಂತೆ. ಸೊಪ್ಪು ಬೇಯಿಸುವ ದಿನಗಳಲ್ಲೆಲ್ಲ ಒಲೆಯ ಬಾಯಿಗೆ ಮುಖ ಕೊಟ್ಟು, ಕಣ್ಣಗಲಿಸಿಕೊಂಡು ಕೂರುತ್ತಿದ್ದನಂತೆ. ಒಮ್ಮೆಗೇ ಕಾಯಿಸಿದರೆ ಎಲೆಯ ಹಾಗೆ ಕಣ್ಣೂ ಕೆಡುತ್ತದೆಂದು ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ. ಉರಿದರೂ ಏಳುತ್ತಿರಲಿಲ್ಲ, ಹದ ಬರುತ್ತಿದೆ ಅನ್ನುತ್ತಿದ್ದನಂತೆ. ನೀನೇ ಹೇಳಿದ್ದೆಯಂತಲ್ಲ ಎಂದು ಅವ್ವ ಕೇಳಿದಳು. ಆ ದನಿಯಲ್ಲಿ ದೂರಿರಲಿಲ್ಲ.

ಆಸ್ಪತ್ರೆಯ ಡಾಕ್ಟರು ಸುಧಾ ಪವಿತ್ರಾಳನ್ನು ಒಳಗೆ ಕರೆದು ಬಿಡಿಸಿ ಹೇಳಿದರು. ಬೆಂಕಿಗಿಂತ ದೊಡ್ಡ ಕೇಡು ತಡ ಮಾಡಿದ್ದು. ಪೊರೆ ಬಲಿತ ಮಸೂರ ನೀರು ಹೀರಿ ಊದಿಕೊಂಡು, ಕಣ್ಣಿನ ಒತ್ತಡ ಏರಿ ನರ ಸತ್ತಿದೆ. ನೋವು ಇಳಿಯಲೆಂದು ಮಸೂರ ತೆಗೆಯುತ್ತೇವೆ, ನೋಟ ಮಾತ್ರ ಇನ್ನಿಲ್ಲ. ಅದನ್ನು ನೀವೇ ತಿಳಿಸಿದರೆ ಒಳ್ಳೆಯದು. ನೀರು ಕುಡಿದು ಊದುವ ಮಸೂರದ ಬಗ್ಗೆ ಪವಿತ್ರಾ ಪುಟಗಟ್ಟಲೆ ಓದಿದ್ದಳು. ಬರೆದೂ ಇದ್ದಳು. ಅವಳಿಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು.

ಆಪರೇಷನ್ ಮುಗಿದ ಮಾರನೆಯ ದಿನ, ಪಟ್ಟಿ ಕಟ್ಟಿಕೊಂಡು ಮಲಗಿದ್ದ ಅಪ್ಪನ ಪಕ್ಕ ಕೂತು, ಇನ್ನು ಕಾಣುವುದಿಲ್ಲವೆಂದು ಹೇಳಿದಳು. ಆತ ತಡಕಾಡಿ ಅವಳ ಕೈ ಹಿಡಿದುಕೊಂಡ.

"ಬುಡವ್ವ. ನಾನೇ ಬೆಂಕಿ ಜಾಸ್ತಿ ಮಾಡ್ಕಂಡೆ. ನೀ ಏಳಿದ್ದು ಸರಿಯಾಗೇ ಇತ್ತು."

ಹಾಗೆಯೇ ಇರಲಿ ಎಂದು ಬಿಟ್ಟುಬಿಡಬಹುದಿತ್ತು. ಅವಳಿಗೆ ಆಸೆಯೂ ಆಯಿತು. ಆದರೆ ತನ್ನ ಕಸುಬೇ ತನ್ನನ್ನು ಕೆಡಿಸಿತೆಂದು ಆತ ಸಾಯುವ ತನಕ ಹಳಹಳಿಸುವುದನ್ನು ನೋಡುತ್ತಾ ಬದುಕುವುದು ಹೇಗೆ?

"ಬೆಂಕಿಯಿಂದಲ್ಲ ಕಣಪ್ಪ. ಆ ನೀರು ಆರ್ಸೋಕೆ ಆಗೋದೇ ಇಲ್ಲ. ನೀ ಕೇಳ್ದಾಗ ನಾನು ಗ್ಯಾನವಿಲ್ದೆ ಹೂಂ ಅಂದ್ಬುಟ್ಟೆ. ನೀನು ಆ ಹುಣಸೂರಿನ ಡಾಕ್ಟ್ರ ಮಾತು ಕೇಳ್ಬೇಕಿತ್ತು."

ಹಿಡಿದಿದ್ದ ಕೈ ನಿಧಾನವಾಗಿ ಸಡಿಲಾಯಿತು.

"ಓದ್ಸಿದ್ದು ನಿನ್ನ," ಅಂದ ಸಣ್ಣಬೀರಯ್ಯ. "ಇನ್ಯಾರ ಮಾತು ಕೇಳ್ಲವ್ವ?"

ಅಷ್ಟು ಹೇಳಿ ಗೋಡೆಯ ಕಡೆಗೆ ಮಗ್ಗಲು ಬದಲಿಸಿದ. ಕಾಣದವನಿಗೆ ಗೋಡೆಯಾದರೇನು, ಮಗಳಾದರೇನು; ಆದರೂ ತಿರುಗಿಕೊಂಡ.