ದೊರೆ ಕೊಟ್ಟ ಚರ್ಚಿನಲ್ಲಿ ಅಜ್ಜಿ ಕೇಳಿದ ಹೂ

ನಮ್ಮಜ್ಜಿ ಚಿಕ್ಕಬೋರಮ್ಮನ ಎರಡೂ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಮಂಡ್ಯದ ಕಣ್ಣಾಸ್ಪತ್ರೆಯವರು ಆಪರೇಷನ್‌ಗೆ ಗುರುವಾರದ ದಿನ ಕೊಟ್ಟಿದ್ದರು. ಅಜ್ಜಿ ಮಾತ್ರ ಕಾಲ್‌ಶೀಟ್ ಕೊಟ್ಟಿರಲಿಲ್ಲ. ದೇವರು ಬಲಗಡೆ ಹೂ ಕೊಡುವ ತನಕ ಕಣ್ಣಿಗೆ ಚಾಕು ತಾಗಿಸುವುದಿಲ್ಲ ಎಂದು ಹಟ ಹಿಡಿದು ಕೂತಿದ್ದಳು.

ಹೂ ಕೇಳುವುದು ನಮ್ಮ ಕಡೆ ಹೊಸದಲ್ಲ. ದೇವರ ಎರಡೂ ಭುಜದ ಮೇಲೆ ಹೂ ಇಟ್ಟು, ಮನಸ್ಸಿನಲ್ಲಿರುವುದನ್ನು ಕೇಳಿಕೊಂಡು ಕಾಯಬೇಕು. ಬಲಗಡೆಯದು ಜಾರಿದರೆ ಆಗಲಿ ಎಂದರ್ಥ, ಎಡಗಡೆಯದು ಜಾರಿದರೆ ಬೇಡ. ಮದುವೆ, ಮನೆ, ಬೋರ್‌ವೆಲ್ಲು ಎಲ್ಲಕ್ಕೂ ನಮ್ಮೂರಲ್ಲಿ ಇದೇ ಸೆನ್ಸಾರ್ ಸರ್ಟಿಫಿಕೇಟು. ಆದರೆ ಅಜ್ಜಿಯ ಕಣ್ಣಿನ ವಿಷಯಕ್ಕೆ ಮೂರು ಮಂಗಳವಾರ ಕೇಳಿದರೂ ನಮ್ಮೂರ ದೇವತೆ ಪಟ್ಟಲದಮ್ಮ ಒಂದು ಎಸಳನ್ನೂ ಅಲ್ಲಾಡಿಸಲಿಲ್ಲ. ಇನ್ನೂ ತಡ ಮಾಡಿದರೆ ಪೊರೆ ಬಲಿತು ಕಷ್ಟವಾಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಹೀರೋ ಎಂಟ್ರಿ ಕೊಡಬೇಕಾದ ಜಾಗ ಇದು. ಕೊಟ್ಟೆ.

ಮದ್ದೂರು ದಾಟಿ ಮಳವಳ್ಳಿ ಕಡೆಗೆ ಹೋದರೆ ಒಂದು ಹಳೆಯ ಚರ್ಚಿದೆ. ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಸಿದ್ದೇಶನ ಊರು ಅದರ ಪಕ್ಕದಲ್ಲೇ. ಆ ಚರ್ಚಿಗೆ ಜಾಗ ಕೊಟ್ಟವರು ಮೈಸೂರಿನ ದೊರೆಗಳಂತೆ, ಗಂಟೆಯೂ ಅವರದ್ದೇ ಅಂತೆ. ಅಲ್ಲಿಯ ಮಾತೆ ಕೇಳಿದ ತಕ್ಷಣ ಹೂ ಕೊಡುತ್ತಾಳೆ ಎಂದು ನಾನೊಂದು ಸೀನು ಸೇರಿಸಿದೆ. ಅಜ್ಜಿಗೆ ಮಾತೆಗಿಂತ ದೊರೆಯ ಮಾತು ಹಿಡಿಸಿತು.

"ದೊರೆ ಕೊಟ್ಟ ಜಾಗದಲ್ಲಿ ಸುಳ್ಳು ನಡಿಯಾಕಿಲ್ಲ ಕಣ್ಲಾ ಅಪ್ಪು. ನಡಿ, ಓಗವ," ಎಂದಳು.

ನನ್ನ ಜೇಬಿನಲ್ಲಿ, ನಾಲೆಯಲ್ಲಿ ಮೀನು ಹಿಡಿಯುವ ಗಾಳದ ದಾರ ಒಂದು ಸುತ್ತು ಇತ್ತು. ಬೆಳಕಿಗೆ ಹಿಡಿದರೂ ಕಾಣದಷ್ಟು ಸಣ್ಣದು. ಮಾತೆ ಕೊಡದಿದ್ದರೆ ನಾನೇ ಕೊಡಿಸುವುದು, ಇಷ್ಟೇ ಸ್ಕ್ರಿಪ್ಟು.

ವಾರದ ರಜೆಯ ದಿನ ಅಜ್ಜಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ನಮ್ಮೂರು ಕೊತ್ತತ್ತಿ ಬಿಟ್ಟೆ. ಅವಳ ತೊಡೆಯ ಮೇಲೆ ಎರಡು ಕೆಂಪು ದಾಸವಾಳ, ಒದ್ದೆ ಬಟ್ಟೆಯಲ್ಲಿ ಸುತ್ತಿದ್ದು. ಚರ್ಚಿನ ಬಾಗಿಲು ತೆರೆದವರು ಇನ್ನಾಸಪ್ಪ, ಬಿಳಿ ಪಂಚೆಯ, ಎಪ್ಪತ್ತು ದಾಟಿದ ಮನುಷ್ಯ. ಚರ್ಚನ್ನು ನೋಡಿಕೊಳ್ಳುವವರು ಅವರೇ. ಬಾಗಿಲ ನೆತ್ತಿಯ ಮೇಲಿನ ಗಂಡಭೇರುಂಡ ತೋರಿಸಿ, ಅದು ಅರಮನೆಯ ಗುರುತು ಎಂದರು. ಗಂಟೆ ಮೈಸೂರಿನಿಂದ ಎತ್ತಿನ ಗಾಡಿಯಲ್ಲಿ ಬಂತಂತೆ. ಸ್ವಾತಂತ್ರ್ಯ ಬಂದ ದಿನ ಅದನ್ನು ಬಾರಿಸಿ ಬಾರಿಸಿ ಹಗ್ಗವೇ ಹರಿಯಿತಂತೆ. ಅದಕ್ಕೂ ಮೊದಲು, ಶಿವಪುರದಲ್ಲಿ ನಿಷೇಧ ಮೀರಿ ಬಾವುಟ ಹಾರಿಸಿದ ಚಳವಳಿಯಲ್ಲಿ ಪೊಲೀಸರಿಂದ ತಪ್ಪಿಸಿಕೊಂಡ ಸುತ್ತಲಿನ ಊರಿನವರು ಗಂಟೆಯ ಕೆಳಗಿನ ಅಟ್ಟದಲ್ಲಿ ಅಡಗಿದ್ದರಂತೆ. ಅವರ ಹೆಸರುಗಳನ್ನು ಬಾಗಿಲ ಪಕ್ಕದ ಕಲ್ಲಿನಲ್ಲಿ ಕೆತ್ತಿದ್ದಾರೆ. ಇಷ್ಟು ಹೇಳಿ ಅವರು ಬೆಂಚು ಒರೆಸಲು ಹೋದರು.

ಅಜ್ಜಿ ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದಳು. ಅವಳಿಗೆ ಎಲ್ಲವೂ ಹೊಗೆ ಹೊಗೆ. ಏನಿದೆ ಹೇಳು ಎಂದು ನನ್ನ ತೋಳು ಹಿಡಿದಳು. ಅವಳ ಕಣ್ಣು ನಾನೇ, ಡೈರೆಕ್ಟರೂ ನಾನೇ.

ಬಣ್ಣದ ಗಾಜಿನ ಕಿಟಕಿಯಲ್ಲಿ ಇದ್ದದ್ದು ಒಂದು ಕುರಿಮರಿ, ಒಂದು ದ್ರಾಕ್ಷಿ ಬಳ್ಳಿ. ನಾನು ಅಲ್ಲಿ ದೊರೆಯನ್ನು ಆನೆಯ ಮೇಲೆ ಕೂರಿಸಿದೆ, ಕಪ್ಪು ಕನ್ನಡಕ ಹಾಕಿಸಿದೆ, ಮೀಸೆ ತಿರುವಿಸಿದೆ. ದೊರೆ ನಮ್ಮನ್ನೇ ನೋಡಿ, ಈ ಸೀಮೆಯಲ್ಲಿ ಸೂರ್ಯನೂ ನನ್ನ ಪರ್ಮಿಶನ್ ಕೇಳಿಯೇ ಹುಟ್ಟಬೇಕು ಅನ್ನುತ್ತಿದ್ದಾರೆ ಎಂದೆ. ದೊರೆಗಳು ಹಾಗೆಲ್ಲ ಮಾತಾಡುವುದಿಲ್ಲ ಎಂದು ಅಜ್ಜಿ ಬೈದಳು. ಆದರೆ ಕಿಟಕಿಗೆ ಕೈ ಮುಗಿದಳು.

ಇಷ್ಟಕ್ಕೇ ನಿಲ್ಲಿಸಬೇಕಿತ್ತು. ನಿಲ್ಲಿಸಿದರೆ ನಾನು ಅಪ್ಪು ಹೇಗಾಗುತ್ತೇನೆ?

ಅಜ್ಜಿಯ ಅಪ್ಪ ಚಿಕ್ಕಣ್ಣ ಶಿವಪುರದ ಬಾವುಟದ ಗಲಾಟೆಗೆ ಓಡಿಹೋಗಿ ಮೂರು ದಿನ ಎಲ್ಲೋ ಅಡಗಿದ್ದನಂತೆ. ಅಜ್ಜಿ ಇದನ್ನು ನೂರು ಸಲ ಹೇಳಿದ್ದಾಳೆ. ಮನೆಯಲ್ಲಿ ಯಾರೂ ನಂಬಿಲ್ಲ; ಇಸ್ಪೀಟಾಡಲು ಹೋಗಿದ್ದಿರಬೇಕು ಎಂದು ನಮ್ಮಪ್ಪ ನಗುತ್ತಿದ್ದರು. ಕಲ್ಲಿನ ಮೇಲಿನ ಹನ್ನೊಂದು ಹೆಸರು ಓದಿದವನು, ಅದೇ ಉಸಿರಿನಲ್ಲಿ ಹನ್ನೆರಡನೆಯದಾಗಿ "ಚಿಕ್ಕಣ್ಣ" ಎಂದುಬಿಟ್ಟೆ.

ಅಜ್ಜಿ ಕೈ ಚಾಚಿದಳು. ಅವಳ ಬೆರಳನ್ನು ಹಿಡಿದು ಕಲ್ಲಿನ ಕೆಳತುದಿಯ ಒಂದು ಒಡಕಿನ ಮೇಲೆ ಇಟ್ಟೆ. ಅವಳು ಅದನ್ನು ಸವರುತ್ತಲೇ ಇದ್ದಳು. ಬೇಗ ಹೂ ಕೇಳೋಣ ನಡೆ ಎಂದು ಎಳೆದುಕೊಂಡು ಹೋದೆ.

ಮಾತೆಯ ಪ್ರತಿಮೆ ಪಕ್ಕದ ಗೂಡಿನಲ್ಲಿತ್ತು. ಇಲ್ಲಿ ಹೂ ಕೇಳುವ ಪದ್ಧತಿ ಇಲ್ಲ, ಇಟ್ಟು ಬೇಡಿಕೊಳ್ಳುವುದಷ್ಟೇ ಎಂದರು ಇನ್ನಾಸಪ್ಪ. ಆದರೂ ನಿಮ್ಮ ನಂಬಿಕೆ ನಿಮ್ಮದು ಎಂದು ಒಪ್ಪಿಗೆ ಕೊಟ್ಟರು. ಎರಡೂ ಭುಜದ ಮೇಲೆ ನಾನೇ ಹೂ ಇಟ್ಟೆ. ಬಲಗಡೆಯದಕ್ಕೆ ದಾರ ಕಟ್ಟಿ, ಅಜ್ಜಿಯ ಹಿಂದಿನ ಬೆಂಚಿನಲ್ಲಿ ಸಾಧುವಿನಂತೆ ಕೂತೆ. ಅಜ್ಜಿ ತುಟಿ ಅಲ್ಲಾಡಿಸಿ ಕೇಳಿಕೊಂಡಳು. ಹತ್ತು ನಿಮಿಷ ಏನೂ ಆಗಲಿಲ್ಲ. ಎಳೆದೆ.

"ಏನೋ ಕೆಂಪಗೆ ಜಾರ್ದಂಗಾಯ್ತು ಕಣ್ಲಾ. ಯಾವ ಕಡೆ?"

"ಬಲಗಡೆ ಅಜ್ಜಿ."

ಅಜ್ಜಿಗೆ ನನ್ನನ್ನು ಇಪ್ಪತ್ತಮೂರು ವರ್ಷದಿಂದ ಗೊತ್ತು. ಇನ್ನಾಸಪ್ಪನವರನ್ನು ಕರೆದು, ನೀವು ಹೇಳಿ ಎಂದಳು. ಅವರು ಬಂದು ಬಗ್ಗಿ ನೋಡಿದರು.

"ಮಾತೆಗೆ ಎಡಗಡೆ ಕಣಮ್ಮ. ಮಗೀನ ಎತ್ಕೊಂಡಿರೋ ಕೈ ಕಡೆ."

ಎದುರಿಗೆ ನಿಂತವನ ಬಲ ದೇವರಿಗೆ ಎಡ. ಗುಡಿಯಲ್ಲಿ ಪುಳಿಯೋಗರೆಗೆ ಮಾತ್ರ ಕೈಯೊಡ್ಡಿದವನಿಗೆ ಇದು ಹೇಗೆ ಹೊಳೆಯಬೇಕು?

ಅಜ್ಜಿ ಸೆರಗು ಸರಿ ಮಾಡಿಕೊಂಡು ಎದ್ದಳು. "ಬ್ಯಾಡ ಅಂತಾವಳೆ, ಆಯ್ತು ಬುಡು. ಗುರುವಾರ ಬರಾಕಿಲ್ಲ ಅಂತ ಆಸ್ಪತ್ರೆಗೆ ಯೋಳ್ಬುಡು," ಎಂದಳು. ಮುಖದಲ್ಲಿ ಎಷ್ಟು ನೆಮ್ಮದಿ ಎಂದರೆ, ಬೇಡ ಎನ್ನಿಸಿಕೊಳ್ಳಲೆಂದೇ ಬಂದವಳಂತಿದ್ದಳು. ಗೋಡೆ ಸವರಿಕೊಂಡು ಬಾಗಿಲ ಕಡೆ ಹೊರಟವಳು ಬೆಂಚಿನ ಮೂಲೆಗೆ ಮೊಣಕಾಲು ತಾಗಿಸಿಕೊಂಡಳು. ಅಲ್ಲಿ ಬೆಂಚಿದೆ ಎಂದು ಹೇಳಬೇಕಾದವನು ನಾನು. ನಾನು ದಾರ ಸುತ್ತಿ ಜೇಬಿಗೆ ಹಾಕುವುದರಲ್ಲಿದ್ದೆ.

"ಅಜ್ಜಿ, ಆ ಹೂ ಮಾತೆ ಕೊಟ್ಟಿದ್ದಲ್ಲ. ನಾನು ಎಳ್ದಿದ್ದು."

ಅವಳು ಕೈ ಚಾಚಿದಳು. ದಾರ ಕೊಟ್ಟೆ. ಒಂದು ತುದಿಯಿಂದ ಸವರುತ್ತಾ ಹೋಗಿ ಇನ್ನೊಂದು ತುದಿಯ ದಾಸವಾಳ ಮುಟ್ಟಿದಳು. ಇನ್ನಾಸಪ್ಪ ಕೆಮ್ಮಿ ಸೂರು ನೋಡತೊಡಗಿದರು.

"ದೊರೆ ಕನ್ನಡಕ?"

"ದೊರೆನೇ ಇಲ್ಲ ಅಜ್ಜಿ. ಕುರಿಮರಿ ಅದೆ."

"ಕುರಿಮರಿಗಾ ನಾನು ಕೈ ಮುಗ್ದಿದ್ದು?" ಎಂದಳು. ಆಮೇಲೆ ದನಿ ಇಳಿಯಿತು. "ಕಲ್ಲಿನ ಮ್ಯಾಲೆ ನಮ್ಮಪ್ಪನ ಎಸ್ರು..."

ನಾನು ಬಾಯಿ ತೆರೆದೆ. ಅಜ್ಜಿ ಹೂವನ್ನೇ ನನ್ನ ಮುಖಕ್ಕೆ ಎಸೆದಳು. ಗುರಿ ತಪ್ಪಲಿಲ್ಲ.

"ಮುಚ್ಚು. ಅದೊಂದನ್ನ ನಿನ್ ಬಾಯಿಂದ ಕೇಳಾಕಿಲ್ಲ. ಇವ್ರೂ ಯೋಳಾದು ಬ್ಯಾಡ. ನಾಕ್ನೇ ಕ್ಲಾಸ್‌ಗಂಟ ಓದಿವ್ನಿ. ನಾನೇ ಓದ್ಕತೀನಿ."

ಹಾಗಾದರೆ ಆಪರೇಷನ್ನು, ಹೂವಿನ ಅಪ್ಪಣೆ ಎಂದು ನಾನು ತಡವರಿಸಿದೆ.

"ಇನ್ಯಾರ ಅಪ್ಪಣೆ ಬೇಕ್ಲಾ? ನೀನು ನನ್ ಕಣ್ಣಾಗಿರಾದ್ಕಿಂತ ಆ ಚಾಕುನೇ ವಾಸಿ. ಫೋನ್ ಮಾಡು. ಸ್ಪೀಕರ್ ಆಕು, ಇವ್ರಿಗೂ ಕೇಳ್ಳಿ."

ಸಾಕ್ಷಿಗೆ ಇನ್ನಾಸಪ್ಪನವರನ್ನು ಪಕ್ಕದಲ್ಲೇ ಕೂರಿಸಿಕೊಂಡಳು. ಫೋನು ರಿಂಗಾಗುತ್ತಿದ್ದಾಗ ನಾನು ಮೆಲ್ಲಗೆ, ಆ ಕಲ್ಲಿಗೆ ಹನ್ನೆರಡನೆಯ ಹೆಸರು ಸೇರಿಸಬಹುದಾ ಎಂದು ಅವರ ಕಿವಿಯಲ್ಲಿ ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಅದು ಮತದಾರರ ಪಟ್ಟಿಯಲ್ಲ ಎಂದರು.

ನರ್ಸು ಫೋನೆತ್ತಿ, ಚಿಕ್ಕಬೋರಮ್ಮನ ಹೆಸರನ್ನು ಗುರುವಾರಕ್ಕೆ ಖಾತ್ರಿ ಮಾಡಿಕೊಂಡರು. ಬೆಳಗ್ಗೆ ಏಳಕ್ಕೆ ಬನ್ನಿ, ಜೊತೆಗೆ ಯಾರು ಬರುತ್ತಾರೆ ಎಂದು ಕೇಳಿದರು.

"ಮೊಮ್ಮಗ ಬತ್ತಾನೆ ಕಣವ್ವ," ಎಂದಳು ಅಜ್ಜಿ, ಫೋನನ್ನು ಬಾಯಿಯ ಹತ್ತಿರಕ್ಕೆ ಎಳೆದುಕೊಂಡು. "ಪಟ್ಟಿ ಬಿಚ್ಚಿದ ಮ್ಯಾಲೆ ಇವ್ನನ್ನ ಕರ್ಕಂಡು ಒಂದ್ ಕಲ್ಲು ನೋಡಾಕೆ ಓಗ್ಬೇಕು. ಅಲ್ಲೀಗಂಟ ತಪ್ಪಿಸ್ಕಂಡು ಓಗ್ದಂಗೆ ಇವನ ಬೈಕ್ ಕೀ ನಿನ್ನತ್ರಾನೇ ಇಟ್ಕ."