ಗಾಳಿ ತೆಗೆದ ಮೇಲಿನ ತೂಕ

ಸೂಕ್ಷ್ಮ ತಕ್ಕಡಿಗೆ ಒಂದು ಹೊಲಿಗೆ ಯಂತ್ರದಷ್ಟು ಬೆಲೆ. ಗಾಳಿ ಎಳೆಯುವ ಪಂಪಿಗೆ ಎರಡು ಯಂತ್ರದಷ್ಟು. ಗಾಜಿನ ಗುಡಾಣ ಎಷ್ಟು ಸಲ ಒಡೆಯಿತೋ, ಅದರ ಲೆಕ್ಕ ಇಡುವುದನ್ನೇ ದರ್ಜಿಯಮ್ಮ ಬಿಟ್ಟುಬಿಟ್ಟಿದ್ದಳು. ಗಂಡ ಭೂಮಿಯ ಸೆಳೆತದ ಬೆನ್ನು ಹತ್ತಿ ಹೊರಟರೆ, ಒಲೆ ಉರಿಯುವುದಕ್ಕೆ ಯಾರಾದರೂ ಅಂಗಿ ಹೊಲಿಯಲೇಬೇಕಲ್ಲ. ಅವಳು ಗೊಣಗಿದಳು, ಆದರೆ ಹೊಲಿದಳು.

ಅವನು ತೀರಿಕೊಂಡು ವರ್ಷ ಕಳೆದಿತ್ತು. ಹಿಂದಿನ ಕೋಣೆಯಲ್ಲಿ ಅವನು ಬಿಟ್ಟುಹೋದ ಕಾಗದಗಳನ್ನು ಒಯ್ಯಲು ಪತ್ರಾಗಾರದಿಂದ ಒಬ್ಬಳು ಬಂದಿದ್ದಳು. ಪ್ರತಿ ಕಟ್ಟನ್ನು ಎತ್ತುವ ಮೊದಲೂ ಅವಳದು ಒಂದೇ ಪ್ರಶ್ನೆ: “ಅಮ್ಮಾ, ಇದು ಯಾವುದರ ಮೇಲಿತ್ತು?”

“ಅದ್ಯಾಕಮ್ಮ ಅಷ್ಟು ವಿಚಾರಣೆ? ಕದ್ದ ಮಾಲೇನಲ್ಲ.”

“ಅವರು ಹೇಗಿಟ್ಟಿದ್ರೋ ಹಾಗೇ ಇಡ್ತೀವಿ ನಾವು. ಯೋಚನೆ ಯಾವ ದಾರೀಲಿ ಹೋಯ್ತು ಅಂತ ಅದರಲ್ಲೇ ಗೊತ್ತಾಗೋದು.”

ದರ್ಜಿಯಮ್ಮನಿಗೆ ಅವಳು ಹಿಡಿಸಿದಳು. ಅಷ್ಟರಲ್ಲಿ ಮೈದುನ ಬಂದು, ಅಣ್ಣ ಕೊನೆಯದಾಗಿ ಬರೆದ ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡ.

“ಅತ್ತಿಗೆ, ಇದೊಂದು ಬೇಡ. ಇದು ಹೋದ್ರೆ ಅಣ್ಣನ ಹೆಸರು ಮಣ್ಣುಪಾಲು.”

ಅದರಲ್ಲಿ ಏನಿದೆ ಎಂದು ಮನೆಯವರಿಗೆಲ್ಲ ಗೊತ್ತು. ಬಹಳ ಹಿಂದೆ ಅವಳ ಗಂಡ ತಗಡಿನ ಡಬ್ಬಿಯೊಳಗೆ ಮೋಟರಿನಿಂದ ಚಕ್ರ ತಿರುಗಿಸಿ, ಡಬ್ಬಿಯನ್ನು ತಕ್ಕಡಿಯಲ್ಲಿಟ್ಟಿದ್ದ. ಚಕ್ರ ತಿರುಗಿದಂತೆ ತಟ್ಟೆ ಕೂದಲೆಳೆಯಷ್ಟು ಮೇಲೆದ್ದಿತ್ತು. ತಿರುಗುವ ವಸ್ತುವಿನ ತೂಕ ಇಳಿಯುತ್ತದೆ ಎಂದು ಪತ್ರಿಕೆಯಲ್ಲೂ ಬಂತು. ಮೈದುನ ಇವತ್ತಿಗೂ ಆ ತುಣುಕನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಾನೆ. ಊರಿನ ವಿಜ್ಞಾನ ಸಂಘದ ಹೊಸ ಸಭಾಂಗಣಕ್ಕೆ ಅಣ್ಣನ ಹೆಸರಿಡಲು ಅವರಿವರ ಕೈಕಾಲು ಹಿಡಿದು ಒಪ್ಪಿಸಿದ್ದನು. ಫಲಕಕ್ಕೆ ಅವನೇ ಬರೆದುಕೊಟ್ಟ ಮಾತು, ‘ಭೂಮಿಯ ಸೆಳೆತ ಗೆದ್ದವನು’.

ಆದರೆ ಗೆದ್ದವನಿಗೇ ಗೆಲುವಿನ ಮೇಲೆ ನಂಬಿಕೆ ಬಂದಿರಲಿಲ್ಲ. ತಕ್ಕಡಿಯನ್ನೇ ಗಾಜಿನ ಗುಡಾಣದೊಳಗಿಟ್ಟು, ಗಾಳಿ ತೆಗೆದು, ಮತ್ತೆ ಚಕ್ರ ತಿರುಗಿಸಿದ. ತಟ್ಟೆ ಮಿಸುಕಲಿಲ್ಲ. ಮೊದಲು ಅದನ್ನು ಎತ್ತಿದ್ದು ಮೋಟರಿನ ಬಿಸಿಗೆ ಮೇಲೇಳುತ್ತಿದ್ದ ಗಾಳಿ, ಅಷ್ಟೇ. ‘ನಾನು ಹೇಳಿದ್ದು ತಪ್ಪು’ ಎಂದು ಬರೆದು ಪತ್ರಿಕೆಗೆ ಕಳಿಸಿದ. ಗೆದ್ದ ಸುದ್ದಿ ಹಾಕಿದವರು ಇದನ್ನು ಹಾಕಲಿಲ್ಲ. ಹೀಗಾಗಿ ಸತ್ಯ ಉಳಿದದ್ದು ಮೈದುನನ ಕಂಕುಳಲ್ಲಿದ್ದ ಕಟ್ಟಿನಲ್ಲಿ ಮಾತ್ರ.

“ಸುಳ್ಳು ಹೇಳಿ ಅಂತಿಲ್ಲ ನಾನು,” ಎಂದ ಮೈದುನ. “ಇದರ ಸುದ್ದಿ ಎತ್ತೋದು ಬೇಡ ಅಂತೀನಿ, ಅಷ್ಟೇ. ಫಲಕದ ಮೇಲೆ ಅಣ್ಣನ ಹೆಸರು ನೋಡೋ ಆಸೆ ನಿಮಗಿಲ್ವಾ?”

ಇತ್ತು. ಇಲ್ಲದೆ ಏನು? ತಲೆಕೆಟ್ಟವನ ಹೆಂಡತಿ ಅನ್ನಿಸಿಕೊಂಡು ಬಾಳಿದವಳು, ಆ ಫಲಕದ ಕೆಳಗೆ ಒಮ್ಮೆ ನಿಲ್ಲಬೇಕು ಎಂದು ಅವಳಿಗೂ ಅನ್ನಿಸಿತ್ತು. ಅವಳು ಕೋಣೆಯ ಗೋಡೆ ನೋಡಿದಳು. ಅದರಲ್ಲಿ ಗಂಡ ಕೊರೆದ ಕಿಂಡಿ. ತನ್ನ ಉಸಿರಿಗೆ ತಟ್ಟೆ ಅಲುಗಿಬಿಟ್ಟೀತು ಎಂದು, ಆಚೆ ನಿಂತು ದುರ್ಬೀನು ಹಿಡಿದು ಮುಳ್ಳು ನೋಡುತ್ತಿದ್ದ. “ನಿಲ್ಲಿಸೇ!” ಎಂದು ಅವನು ಕೂಗಿದ ಕೂಡಲೇ ಇವಳು ಹೊಲಿಗೆ ಯಂತ್ರದ ಪೆಡಲಿನಿಂದ ಕಾಲೆತ್ತಬೇಕು. ನೆಲ ನಡುಗಬಾರದಲ್ಲ! ಅಳತೆ ಕೊಡಲು ಬಂದವರು ಕೆಮ್ಮು ಬಂದರೂ ನುಂಗಿಕೊಂಡು ಕೂತಿರುತ್ತಿದ್ದರು.

“ಉಸಿರು ತಾಗಬಾರದು ಅಂತ ಗೋಡೆ ಆಚೆ ನಿಂತ ಮನುಷ್ಯ ಕಣೋ ನಿನ್ನಣ್ಣ,” ಎಂದಳು. “ಈಗ ನಾನು ಆ ತಟ್ಟೆ ಕೆಳಗೆ ಬೆರಳಿಟ್ಟು ಎತ್ತಲಾ?”

“ಹೆಸರಿಡೋದು ನಿಂತು ಹೋಗುತ್ತೆ, ಅತ್ತಿಗೆ.”

“ಹೋಗ್ಲಿ. ಕೊಡು ಇಲ್ಲಿ.”

ಅವನು ಕೊಡಲಿಲ್ಲ, ಮೇಜಿನ ಮೇಲೆ ಕುಕ್ಕಿದ. ಅವಳು ಧೂಳು ಒರೆಸಿ ಪತ್ರಾಗಾರದವಳ ಕೈಗಿತ್ತಳು. “ಇದು ಎಲ್ಲದರ ಮೇಲಿತ್ತು, ತಾಯಿ.”

ಸಭಾಂಗಣಕ್ಕೆ ಬೇರೆ ಯಾರದೋ ಹೆಸರು ಬಂತು. ಮೈದುನ ಬಹಳ ದಿನ ಈ ಕಡೆ ತಲೆ ಹಾಕಲಿಲ್ಲ. ಪತ್ರಾಗಾರಕ್ಕೆ ಬರುವ ತಕ್ಕಡಿ ತಯಾರಕರು ಹೆಚ್ಚಾಗಿ ಕೇಳಿ ಓದುವುದು ಆ ಕೊನೆಯ ಕಟ್ಟನ್ನೇ. ಬಿಸಿ ಗಾಳಿ ಹೇಗೆ ಮೋಸ ಮಾಡುತ್ತದೆ ಎಂದು ಅಷ್ಟು ಬಿಡಿಸಿ ಬರೆದವರು ಇನ್ನೊಬ್ಬರಿಲ್ಲವಂತೆ.