ಬಾಕ್ಸಿನ ಪಕ್ಕದ ಜಾಗ

ಮಲ್ಲೇಶನಿಗೆ ಸ್ವಂತ ಆಂಪ್ ಇರಲಿಲ್ಲ. ಬೇಸ್ ಗಿಟಾರ್ ಇತ್ತು, ಹತ್ತು ಮೀಟರಿನ ಕೇಬಲ್ ಇತ್ತು, ಏಳು ವರ್ಷದ ಅನುಭವ ಇತ್ತು. ತಾನು ಬಾರಿಸಿದ್ದನ್ನು ತಾನು ಕೇಳಿಸಿಕೊಳ್ಳಲು ಬೇಕಾದ ಸ್ಪೀಕರು ಮಾತ್ರ ಇರಲಿಲ್ಲ.

ಅವನು ಮಸ್ಕಿಯವನು. ಸಿಂಧನೂರಿನ ನರಸಣ್ಣನ ಆರ್ಕೆಸ್ಟ್ರಾದಲ್ಲಿ ಬಾರಿಸುತ್ತಿದ್ದ. ನರಸಣ್ಣ ಮಾಲೀಕ, ಕೀಬೋರ್ಡ್ ನುಡಿಸುವವನೂ ಅವನೇ. ಮದುವೆ, ಗಣೇಶನ ಹಬ್ಬ, ಉರುಸು, ಅಂಬೇಡ್ಕರ್ ಜಯಂತಿ, ಯಾರು ಕರೆದರೂ ಹೋಗುತ್ತಿದ್ದರು. ಸೌಂಡ್ ಲಿಂಗಸೂಗೂರಿನ ಸೂಗಪ್ಪನದು. ಮಲ್ಲೇಶನ ಕೇಬಲ್ ಸೂಗಪ್ಪನ ಮಿಕ್ಸರಿಗೆ ಹೋಗುತ್ತಿತ್ತು, ಅಲ್ಲಿಂದ ಜನರ ಕಡೆ ಮುಖ ಮಾಡಿದ ದೊಡ್ಡ ಸ್ಪೀಕರ್ ಬಾಕ್ಸುಗಳಿಗೆ. ವೇದಿಕೆಯವರಿಗಾಗಿ ಇಡುವ ಸಣ್ಣ ಮಾನಿಟರ್ ಎರಡೇ ಇದ್ದವು. ಅವು ಹಾಡುವವರ ಕಾಲ ಬುಡದಲ್ಲಿ ಇರುತ್ತಿದ್ದವು. ಬೇಸಿನವನಿಗೆ ಏನೂ ಇಲ್ಲ.

ಆದ್ದರಿಂದ ಅವನು ಬಾಕ್ಸಿನ ಪಕ್ಕ ನಿಲ್ಲುವುದನ್ನು ಕಲಿತ. ವೇದಿಕೆಯ ಎಡ ಅಂಚಿಗೆ, ಬಾಕ್ಸಿಗೆ ಎಡ ಭುಜ ತಾಗಿಸಿ. ಅಲ್ಲಿ ನಿಂತರೆ ಬೇಸಿನ ದನಿ ಹಲಗೆಯಿಂದ ಪಾದಕ್ಕೆ, ಪಾದದಿಂದ ಎದೆಗೂಡಿಗೆ ಬರುತ್ತಿತ್ತು. ಬೇರೇನೂ ಕೇಳುತ್ತಿರಲಿಲ್ಲ. ಹಾಡು ಎಲ್ಲಿಗೆ ಬಂತೆಂದು ತಿಳಿಯಲು ಎದುರು ಅಂಚಿನಲ್ಲಿದ್ದ ನರಸಣ್ಣನ ಎಡಗೈ ನೋಡುತ್ತಿದ್ದ. ಕೈ ಎದ್ದರೆ ಪಲ್ಲವಿ, ಇಳಿದರೆ ಚರಣ, ಮುಷ್ಟಿ ಹಿಡಿದರೆ ನಿಲ್ಲಿಸು.

ಮೊದಲ ವರ್ಷ ಕಾರ್ಯಕ್ರಮ ಮುಗಿಸಿ ಬಂದರೆ ಕಿವಿಯಲ್ಲಿ ಕೀಂ ಎಂಬ ಸದ್ದು ಮರುದಿನ ಮಧ್ಯಾಹ್ನದವರೆಗೂ ಇರುತ್ತಿತ್ತು. ಸೂಗಪ್ಪನನ್ನು ಕೇಳಿದ್ದ.

"ಹೊಸದಾಗಿ ಹಂಗಾ ಇರ್ತದ ತಮ್ಮಾ. ಗಿಟಾರ್ ಹಿಡದು ಬೆರಳು ದಡ್ಡುಗಟ್ಟಿಲ್ಲೇನು? ಹಂಗಾ ಕಿವೀನೂ ಪಳಗ್ತಾವ," ಎಂದಿದ್ದ ಸೂಗಪ್ಪ.

ಮೂರನೇ ವರ್ಷದ ಹೊತ್ತಿಗೆ ಬಾಕ್ಸಿನ ಹತ್ತಿರ ನಿಂತರೂ ನೋವಾಗುತ್ತಿರಲಿಲ್ಲ. ಕಿವಿ ಪಳಗಿತು ಎಂದು ಮಲ್ಲೇಶ ಹೆಮ್ಮೆಪಟ್ಟ. ಆರ್ಕೆಸ್ಟ್ರಾದವರೆಲ್ಲ ಹೀಗೇ ತಿಳಿದಿದ್ದರು. ನೋವಾಗುತ್ತದೆ ಎನ್ನುವವನು ಇನ್ನೂ ಹೊಸಬ.

ಬೇಸ್ ಎಂದರೇನೆಂದು ಜನಕ್ಕೆ ಗೊತ್ತಿರಲಿಲ್ಲ. ಬೇರೆ ಗಿಟಾರಿಗೆ ಆರು ತಂತಿ, ಬೇಸಿಗೆ ನಾಲ್ಕೇ. ದಢೇಸುಗೂರಿನ ಮದುವೆಯೊಂದರಲ್ಲಿ ಬೀಗರ ಕಡೆಯ ಮುದುಕ ವೇದಿಕೆಯ ಹತ್ತಿರ ಬಂದು, ಗಿಟಾರನ್ನು ಬೆರಳಿಟ್ಟು ಎಣಿಸಿ, "ತಮ್ಮಾ, ಎರಡು ತಂತಿ ಹರದಾವಲ್ಲೋ. ಮದಿವಿ ಮನಿಗೆ ಬರೂ ಮುಂದ ಹಾಕಿಸ್ಕೊಂಡು ಬರಬಾರದಾ?" ಎಂದಿದ್ದ. ಅದನ್ನು ನರಸಣ್ಣ ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದ.

ಈ ವರ್ಷ ಫೆಬ್ರುವರಿಯಲ್ಲಿ ನರಸಣ್ಣ ಲ್ಯಾಪ್‌ಟಾಪ್ ಕೊಂಡ. ಹಾಡುಗಳ ಮೊದಲೇ ರೆಕಾರ್ಡ್ ಮಾಡಿದ ಸಂಗೀತವೆಲ್ಲ, ಅಂದರೆ ಟ್ರ್ಯಾಕ್, ಅದರಲ್ಲೇ ಇತ್ತು. ಗೊಬ್ಬರದ ಅಂಗಡಿಯ ಮೇಲಿನ ರಿಹರ್ಸಲ್ ಕೋಣೆಗೆ ಎಲ್ಲರನ್ನೂ ಕರೆಸಿದ.

"ಲೇ ಮಲ್ಲೇಶ, ಲ್ಯಾಪ್‌ಟಾಪಿಗೆ ಮಿಕ್ಸರ್‌ನ್ಯಾಗ ಎರಡು ಚಾನೆಲ್ ಬೇಕು. ನಿನ್ನ ವೈರ್ ಹಾಕಾಕ ಜಾಗ ಉಳದಿಲ್ಲ."

"ಹನ್ನೆರಡು ಅದಾವಲ್ರೀ ಅಣ್ಣಾ."

"ಹನ್ನೆರಡರಾಗ ನಾಕು ಸತ್ತಾವ. ಸೂಗಪ್ಪನ್ನ ಕೇಳು. ಟ್ರ್ಯಾಕ್‌ನ್ಯಾಗ ಬೇಸ್ ಇರ್ತದ. ಏಳು ವರ್ಷದಾಗ ಬೇಸ್ ಎಲ್ಲಿ ಅಂತ ಯಾವನಾರ ಚೀಟಿ ಕಳಿಸ್ಯಾನೇನು?"

ಹಾಡುವ ಹುಡುಗಿ ಶಿವರಂಜನಿ ಮೂಲೆಯಲ್ಲಿ ಬಿಸಿನೀರು ಕುಡಿಯುತ್ತಿದ್ದಳು. "ಕಳಿಸಿಲ್ರೀ. ಆದ್ರ ನನಗ ಬೇಕು. ಹಾಡಿನ ನಡುವ ಯಾವನಾರ ಲೀಡರ್ ಹಾರ ಹಾಕಿಸ್ಕೊಳ್ಳಾಕ ಬಂದ್ರ ನಿಮ್ಮ ಟ್ರ್ಯಾಕ್ ನಿಂದರ್ತದೇನು? ಅದು ಓಡೇ ಓಡ್ತದ. ಮಲ್ಲೇಶಣ್ಣ ನಿಂದರ್ತಾನ."

ಅದು ನಿಜವಾಗಿತ್ತು. ಈ ಕಡೆಯ ಕಾರ್ಯಕ್ರಮದಲ್ಲಿ ಹಾಡು ಒಂದೇ ಉಸಿರಿಗೆ ಮುಗಿಯುವುದು ಕಡಿಮೆ. ಮುಖಂಡರು ಬರುತ್ತಾರೆ, ಹಾಡು ನಿಲ್ಲುತ್ತದೆ, ಶಾಲು, ಹಾರ, ಫೋಟೊ. ಆಮೇಲೆ ಹಾಡುವವರು ಮೈಕ್ ಮುಚ್ಚಿ ಹಿಂದೆ ತಿರುಗಿ ಎಲ್ಲಿಂದ ಹಿಡಿಯಬೇಕೆಂದು ಹೇಳುತ್ತಾರೆ. ಬಾರಿಸುವವರು ಅಲ್ಲಿಂದ ಹಿಡಿಯಬೇಕು.

ನರಸಣ್ಣ ಕೀಬೋರ್ಡಿನ ಧೂಳು ಒರೆಸಿದ. "ಹಂಗಾದ್ರ ಸ್ವಂತ ಆಂಪ್ ತರಲಿ. ನನ್ನ ಚಾನೆಲ್ ಕೇಳಬಾರದು. ಮಸ್ಕಿ ಅಂಬೇಡ್ಕರ್ ಜಯಂತಿ ಒಳಗ ತಂದ್ರ ಇರ್ತಾನ. ಇಲ್ಲಾಂದ್ರ ಇಲ್ಲ."

ಮಲ್ಲೇಶನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ ಎಂದಲ್ಲ. ಐಟಿಐ ಮುಗಿಸಿದ್ದ, ಮೋಟಾರ್ ರಿವೈಂಡಿಂಗ್ ಮಾಡುತ್ತಿದ್ದ. ಆದರೆ ಅವನು ತನ್ನನ್ನು ಬೇಸಿನವನು ಎಂದುಕೊಂಡಿದ್ದ. ಅದು ಹೋದರೆ ಉಳಿಯುವವನು ಯಾರೆಂದು ಅವನಿಗೆ ಗೊತ್ತಿರಲಿಲ್ಲ.

ಅಕ್ಕ ಯಶೋಧರಾ ಲಿಂಗಸೂಗೂರಿನಲ್ಲಿ ನರ್ಸ್. ಆಂಪ್ ಅವಳು ಕೊಡಿಸಿದಳು. ರಾಯಚೂರಿನ ಚರ್ಚೊಂದರವರು ಹೊಸದು ತಂದು ಹಳೆಯದನ್ನು ಮಾರುತ್ತಿದ್ದರು. ಹದಿನೈದು ಇಂಚಿನ ಸ್ಪೀಕರು, ಒಬ್ಬನೇ ಎತ್ತಿದರೆ ಸೊಂಟ ಹಿಡಿಯುವ ತೂಕ. ಮಲ್ಲೇಶ ಅದನ್ನು ಬಸ್ಸಿನಲ್ಲಿ ತಂದ. ಕಂಡಕ್ಟರು ಮೊಣಕಾಲಿನಿಂದ ತಟ್ಟಿ ನೋಡಿದ.

"ಏನಿದು, ಕಪಾಟೇನು?"

"ಆಂಪ್ ರೀ. ಆರ್ಕೆಸ್ಟ್ರಾದ್ದು."

"ಹಾಡ್ತದೇನು?"

"ಹಾಡಂಗಿಲ್ರೀ. ಗುಮ್ ಅಂತದ."

"ಗುಮ್ ಅನ್ನಾಕೂ ಲಗೇಜ್ ಟಿಕೀಟ್ ಹಾಕ್ತೀವಿ ನಾವು, ತಗಿ."

ಮನೆಯಲ್ಲಿ ಪಡಸಾಲೆಯ ನಡುವೆ ಇಟ್ಟು ದಪ್ಪ ತಂತಿ ಮೀಟಿದ. ಏಳು ವರ್ಷದಲ್ಲಿ ಮೊದಲ ಸಲ ತನ್ನ ಬೇಸನ್ನು ಬೇರೆ ಸದ್ದಿಲ್ಲದೆ ಕೇಳಿದ. ದನಿ ದುಂಡಗಿತ್ತು, ಬೆಚ್ಚಗಿತ್ತು. ಅವ್ವ ಗದ್ದೆಮ್ಮ ಅಡುಗೆಮನೆಯಿಂದ ಓಡಿ ಬಂದಳು.

"ಸಾಕ್ ಮಾಡೋ! ಮಾಡದಾಗಿನ ಗಂಗಾಳ ಜಣಜಣ ಅನ್ನಾಕತ್ತಾವ. ಕೇಳಸವಲ್ದೇನು?"

ಮಲ್ಲೇಶ ನಕ್ಕ. ಗೋಡೆಗೂಡಿನ ತಟ್ಟೆಗಳ ಸದ್ದೇನೂ ಇರಲಿಲ್ಲ, ಅವ್ವ ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡ.

ಮಸ್ಕಿಯ ಜಯಂತಿ ಕಾರ್ಯಕ್ರಮ ಸಂಜೆ ಏಳಕ್ಕೆ. ಅವ್ವ, ಅಕ್ಕ, ಓಣಿಯವರೆಲ್ಲ ಮುಂದಿನ ಸಾಲಿನಲ್ಲಿದ್ದರು. ಆಂಪನ್ನು ವೇದಿಕೆಯ ನಡುವೆ, ಹಾಡುವವರ ಬೆನ್ನ ಹಿಂದೆ ಇಟ್ಟರು. ಈಗ ಮಲ್ಲೇಶ ಬಾಕ್ಸಿನಿಂದ ದೂರ. ಶಿವರಂಜನಿ ಅವನಿಂದ ಎರಡು ಮಾರು ಮುಂದೆ. ಆದರೆ ಅವನಿಗೂ ನರಸಣ್ಣನಿಗೂ ನಡುವೆ ಡ್ರಮ್ಮಿನ ಸ್ಟ್ಯಾಂಡುಗಳಿದ್ದವು. ನರಸಣ್ಣನ ಕೈ ಕಾಣುತ್ತಿರಲಿಲ್ಲ. ಇನ್ನು ಕೈ ಯಾಕೆ ಬೇಕು, ಬಾಕ್ಸು ದೂರ ಇದೆ, ಎಲ್ಲ ಕೇಳುತ್ತದೆ ಎಂದುಕೊಂಡಿದ್ದ.

ಮೊದಲ ಎರಡು ಹಾಡು ಸರಿ ಹೋದವು. ಗೊತ್ತಿದ್ದ ಹಾಡುಗಳು, ಬೆರಳು ತಾವೇ ನಡೆದವು. ಮೂರನೆಯ ಹಾಡಿನ ಮೊದಲ ಚರಣಕ್ಕೆ ಮುಖಂಡರೊಬ್ಬರು ಹಿಂಡಿನೊಂದಿಗೆ ಮೆಟ್ಟಿಲು ಹತ್ತಿದರು. ಡ್ರಮ್ ನಿಂತದ್ದು ನೋಡಿ ಮಲ್ಲೇಶನೂ ನಿಲ್ಲಿಸಿದ. ಶಾಲು, ಹಾರ, ಫೋಟೊ. ಶಿವರಂಜನಿ ಮೈಕಿನ ಮೇಲೆ ಅಂಗೈ ಮುಚ್ಚಿ ತಿರುಗಿ ಏನೋ ಹೇಳಿದಳು.

ತುಟಿ ಅಲ್ಲಾಡಿದ್ದು ಕಂಡಿತು. ಮಾತು ಬರಲಿಲ್ಲ.

ಬಾಕ್ಸಿನ ಪಕ್ಕ ಯಾರಿಗೂ ಏನೂ ಕೇಳುವುದಿಲ್ಲ. ಅದು ಸಹಜ. ಇಲ್ಲಿ ಬಾಕ್ಸು ಇರಲಿಲ್ಲ. ಮಲ್ಲೇಶ ಪಲ್ಲವಿ ಇರಬೇಕೆಂದು ಊಹಿಸಿ ಜೋರಾಗಿ ಹಿಡಿದ. ಉಳಿದವರು ಎರಡನೇ ಚರಣ ಹಿಡಿದಿದ್ದರು. ಹೊಸ ಆಂಪಿನ ಶಕ್ತಿಗೆ ತಪ್ಪು ಸ್ವರ ಇಡೀ ಮೈದಾನಕ್ಕೆ ಕೇಳಿತು. ಶಿವರಂಜನಿ ನಿಲ್ಲಿಸಿ, ನಕ್ಕು, ಮತ್ತೆ ತಿರುಗಿ ಹೇಳಿದಳು. ಅವನು ಮತ್ತೆ ಪಲ್ಲವಿ ಬಾರಿಸಿದ. ಮೂರನೇ ಸಲ ಅವಳು ಎರಡು ಬೆರಳು ತೋರಿಸಿದಳು. ಪಲ್ಲವಿ ಎರಡು ಸಲ ಎಂದು ತಿಳಿದು ಅವನು ಮತ್ತೆ ಅದನ್ನೇ ಹಿಡಿದ.

ಮುಂದಿನ ಸಾಲಿನ ಹುಡುಗರು ಬಾಯಿಗೆ ಬೆರಳಿಟ್ಟುಕೊಂಡದ್ದು ಕಂಡಿತು. ಸೀಟಿ ಹೊಡೆಯುತ್ತಿದ್ದಾರೆ ಎಂದು ಕಣ್ಣಿನಿಂದ ತಿಳಿದ. ಕಿವಿಗೆ ಒಂದೂ ಬರಲಿಲ್ಲ.

ನರಸಣ್ಣ ನಡೆದು ಬಂದು ಆಂಪಿನ ಕೇಬಲ್ ಕಿತ್ತು ಕೆಳಗೆಸೆದ. ಲ್ಯಾಪ್‌ಟಾಪಿನಿಂದ ಟ್ರ್ಯಾಕ್ ಬಿಟ್ಟ.

ಮಲ್ಲೇಶ ಕೆಳಗಿಳಿಯಲಿಲ್ಲ. ತನ್ನೂರ ಜನರ ಎದುರು ಇಳಿಯಲು ಧೈರ್ಯ ಸಾಲಲಿಲ್ಲ. ಕೇಬಲ್ ಇಲ್ಲದ ಬೇಸನ್ನು ಕೊರಳಿಗೆ ಹಾಕಿಕೊಂಡು ಇನ್ನೂ ಹನ್ನೆರಡು ಹಾಡಿಗೆ ಬೆರಳಾಡಿಸಿದ. ಯಾರಿಗೂ ಗೊತ್ತಾಗಲಿಲ್ಲ. ಮುಗಿದ ಮೇಲೆ ಅವ್ವ ಎದುರಿಗೆ ಬಂದು ಅವನ ಬೆವರು ಒರೆಸಿ, "ಮದಲಿಗೆ ಏನೋ ತಪ್ತು. ಆಮ್ಯಾಲ ಚೊಲೋ ಬಾರಿಸಿದಿ," ಎಂದಳು.

ಸೂಗಪ್ಪ ಬಾಕ್ಸುಗಳನ್ನು ಗಾಡಿಗೆ ಹೇರಿಸುತ್ತಿದ್ದ. ನರಸಣ್ಣ ಮಲ್ಲೇಶನ ಅಂಗಿ ಹಿಡಿದು ಮೂಸಿದ.

"ಕುಡದೀ ಏನಲೇ?"

"ಇಲ್ರೀ ಅಣ್ಣಾ. ಆಕಿ ಹೇಳಿದ್ದು ಕೇಳಸಲಿಲ್ಲ."

"ಎರಡು ಮಾರು ದೂರದಾಗ ಕೇಳಸಲಿಲ್ಲಾ?"

ಶಿವರಂಜನಿ ಅವನ ಮುಖವನ್ನೇ ನೋಡುತ್ತಿದ್ದಳು. "ಮಲ್ಲೇಶಣ್ಣ, ನಾ ಹಿಂದಿನಿಂದ ಕರದ್ರ ನೀ ಎಂದೂ ತಿರುಗೂದಿಲ್ಲ. ಮೂರು ವರ್ಷಾತು. ನಿನಗ ಸೊಕ್ಕು ಅನ್ಕೊಂಡಿದ್ನಿ ನಾ."

ಮಲ್ಲೇಶ ಅವಳ ತುಟಿ ನೋಡಿ ಅರ್ಧ ತಿಳಿದುಕೊಂಡ. ಸೂಗಪ್ಪನ ಕಡೆ ತಿರುಗಿದ. "ಕಿವಿ ಪಳಗ್ತಾವ ಅಂದಿದ್ದಿ ನೀ."

"ಆಂ?" ಎಂದ ಸೂಗಪ್ಪ, ಕಿವಿಗೆ ಅಂಗೈ ಹಿಡಿದು. "ಜೋರ ಮಾತಾಡೋ ಮಾರಾಯ."

ಯಶೋಧರಾ ಎರಡು ದಿನದ ರಜೆ ಹಾಕಿ ಅವನನ್ನು ರಾಯಚೂರಿನ ಕಿವಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಬಂದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ತಗ್ಗಿನ ಸದ್ದುಗಳಿಗೆಲ್ಲ ಅವನು ಒತ್ತಿದ. ಎಷ್ಟು ಸಣ್ಣಗೆ ಬಂದರೂ ಒತ್ತಿದ. ಗೆದ್ದೆ ಎನಿಸಿತು. ಆಮೇಲೆ ಸದ್ದು ನಿಂತಿತು. ಯಂತ್ರ ಕೆಟ್ಟಿತೇ ಎಂದು ಕಿಟಕಿಯಾಚೆ ನೋಡಿದ. ಅಲ್ಲಿ ಪರೀಕ್ಷೆ ಮಾಡುವಾಕೆ ತಿರುಗಣೆಯನ್ನು ಮೆಲ್ಲಗೆ ತಿರುಗಿಸುತ್ತಲೇ ಇದ್ದಳು.

"ತಗ್ಗಿನ ದನಿ ಅದಾವ. ಮೇಲಿನವು ಹೋಗ್ಯಾವ," ಎಂದಳು ಆಕೆ, ಮುಖ ಎದುರಿಗಿಟ್ಟು ನಿಧಾನವಾಗಿ. "ಹೋದದ್ದು ಮತ್ತ ಬರಂಗಿಲ್ರೀ. ಮಷೀನ್ ಹಾಕ್ಕೊಂಡ್ರ ಮಾತು ತಿಳೀತಾವ. ಸ್ಟೇಜ್ ಬಿಡಬೇಕು. ಬಿಡದಿದ್ರ ಉಳದದ್ದೂ ಹೋಗ್ತದ."

"ಬೇಸ್ ಕೇಳ್ತದಲ್ರೀ ನನಗ," ಎಂದ ಮಲ್ಲೇಶ. "ಬೇಸ್ ಪೂರ್ತಿ ಕೇಳ್ತದ."

ಆಕೆ ಪರೀಕ್ಷೆಯ ಕಾಗದವನ್ನು ಯಶೋಧರಾಳ ಕೈಗೆ ಕೊಟ್ಟಳು. ಯಶೋಧರಾ ಕಾಗದ ಮಡಚಿ ಚೀಲದಲ್ಲಿಟ್ಟಳು.

ಮಲ್ಲೇಶ ಒಬ್ಬನೇ ಸಿಂಧನೂರಿಗೆ ಹೋಗಿ ನರಸಣ್ಣನನ್ನು ಕಂಡ. ಬಾಕ್ಸಿನ ಪಕ್ಕವೇ ನಿಲ್ಲುತ್ತೇನೆ, ನಿನ್ನ ಕೈ ನೋಡಿ ಬಾರಿಸುತ್ತೇನೆ ಎಂದ. ನರಸಣ್ಣ ಕೆಟ್ಟವನಲ್ಲ. ಚಹಾ ತರಿಸಿದ. ಮಾತು ತಿಳಿಯಲಿ ಎಂದು ಎರಡು ಸಲ ಹೇಳಿದ.

"ಇದ್ದದ್ದೂ ಕಳಕೋತೀ ಅಂತ ನಿಮ್ಮಕ್ಕ ಫೋನ್ ಮಾಡ್ಯಾಳ. ನಿನ್ನ ಪಾಪ ನನಗ ಬ್ಯಾಡ ತಮ್ಮಾ. ಟ್ರ್ಯಾಕ್ ಹಾಕಾಕತ್ತೀನಿ. ಜನಾ ಏನೂ ಅಂದಿಲ್ಲ."

ಮೇ ತಿಂಗಳವರೆಗೆ ಸಿಂಧನೂರಿನಲ್ಲಿ ಮೂರು, ಲಿಂಗಸೂಗೂರಿನಲ್ಲಿ ಎರಡು, ವಳಕಮದಿನ್ನಿಯಲ್ಲಿ ಒಂದು, ಆರ್.ಎಚ್. ಕ್ಯಾಂಪಿನಲ್ಲಿ ಒಂದು ಕಾರ್ಯಕ್ರಮ ಉಳಿದಿದ್ದವು. ಎಲ್ಲವೂ ಅವನಿಲ್ಲದೆ ನಡೆಯುವವು.

ಕಿವಿಯ ಮಷೀನು ಹೊಂದಿಸಲು ಮನೆಯಲ್ಲಿ ಯಾವ ಸದ್ದು ಕೇಳುತ್ತದೆ, ಯಾವುದು ಇಲ್ಲ ಎಂದು ಬರೆದು ತರಲು ರಾಯಚೂರಿನವರು ಹೇಳಿದ್ದರು. ಭಾನುವಾರ ಬೆಳಿಗ್ಗೆ ಯಶೋಧರಾ ಅವನನ್ನು ಗೋಡೆಗೆ ಮುಖ ಮಾಡಿ ಕೂರಿಸಿದಳು. ಕೇಳಿದರೆ ಕೈ ಎತ್ತಬೇಕು. ಓಣಿಯ ಟ್ರ್ಯಾಕ್ಟರ್, ಎಮ್ಮೆ, ಹಿಟ್ಟಿನ ಗಿರಣಿ, ನಾಯಿ, ಬಾಗಿಲು ಬಡಿದದ್ದು, ಇವಕ್ಕೆ ಕೈ ಎತ್ತಿದ. ಕುಕ್ಕರಿನ ಸೀಟಿಗೆ ಎತ್ತಲಿಲ್ಲ. ಫೋನಿನ ಗಂಟೆ, ಬಳೆ, ಬೀಗದ ಕೈ ಗೊಂಚಲು, ಸೈಕಲ್ ಬೆಲ್, ಗುಬ್ಬಿ, ನಳದ ನೀರು, ಒಗ್ಗರಣೆ, ಯಾವುದಕ್ಕೂ ಎತ್ತಲಿಲ್ಲ. ಕೊನೆಗೆ ಗದ್ದೆಮ್ಮ ಬಾಗಿಲಲ್ಲಿ ನಿಂತು "ಮಲ್ಲೇಶಾ" ಎಂದು ದಿನವೂ ಕರೆಯುವ ಹಾಗೆ ಕರೆದಳು. ಮತ್ತೊಮ್ಮೆ ಕರೆದಳು. ಅವನು ಗೋಡೆ ನೋಡುತ್ತ ಕೂತಿದ್ದ, ಮುಂದಿನ ಸದ್ದಿಗೆ ಕಾಯುತ್ತ.

ಯಶೋಧರಾ ಅದನ್ನೂ ಬರೆದುಕೊಂಡಳು. ಹೋದದ್ದು ಇಷ್ಟು: ಕಾರ್ಯಕ್ರಮ ಏಳು, ಸದ್ದು ಒಂಬತ್ತು.